ಗ್ಲೈಕೋಜನ್: ಬೆಟ್ಟ ಹತ್ತಿದ ಮೇಲೂ ಶುಗರ್ ಏರುವುದೇಕೆ?

ಟೈಪ್ 2 ಡಯಾಬಿಟಿಸ್ ಅಂತ ಗೊತ್ತಾದ ಕೂಡಲೇ ಡಾಕ್ಟರು ಹೇಳುವ ಮೊದಲ ಮಾತು 'ವಾಕಿಂಗ್ ಮಾಡಿ'. ಚಿಕ್ಕಮಗಳೂರಿನಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ಕೆಲವರಿಗೆ ವಾಕಿಂಗ್ ಸಾಲುವುದಿಲ್ಲ. ಕೈಮರದಿಂದ ಮೇಲಕ್ಕೆ ಸೈಕಲ್ ತುಳಿಯುತ್ತಾರೆ. ಸರ್ಪದಾರಿಯಿಂದ ಮುಳ್ಳಯ್ಯನಗಿರಿಗೆ ಏದುಸಿರು ಬಿಡುತ್ತಾ ಏರುತ್ತಾರೆ. ಜಿಮ್‌ನಲ್ಲಿ ಭಾರ ಎತ್ತುತ್ತಾರೆ. ಮುಗಿದ ಮೇಲೆ ಬೆರಳು ಚುಚ್ಚಿ ನೋಡಿದರೆ, ಹೊರಡುವಾಗ 135 ಇದ್ದ ಶುಗರ್ 190 ಆಗಿರುತ್ತದೆ. ಮಧ್ಯೆ ತಿಂದಿದ್ದು ಏನೂ ಇಲ್ಲ. ಇಷ್ಟು ಒದ್ದಾಡಿದ್ದಕ್ಕೆ ಇದಾ ಕೂಲಿ ಅನ್ನಿಸುತ್ತದೆ, ಅಲ್ವಾ?

"ಏನೋ ಇದು, ಹತ್ತಿ ಬಂದ್ರೆ ಜಾಸ್ತಿ ಆಗ್ತದಲ್ಲೋ!"

"ಗಾಬರಿ ಆಗ್ಬೇಡಿ ಮಾವ. ಸ್ವಲ್ಪ ಅಡ್ಡಾಡಿ, ಒಂದು ಗಂಟೆ ಬಿಟ್ಟು ಇನ್ನೊಂದ್ಸಲ ನೋಡಿ."

ಅಳಿಯ ಹೇಳಿದ್ದು ಸರಿ. ಮೀಟರ್ ಕೆಟ್ಟಿಲ್ಲ. (ಬೆರಳಿಗೆ ಬಾಳೆಹಣ್ಣಿನ ಅಂಟು ಇದ್ದರೆ ಮಾತ್ರ ಸುಳ್ಳು ಲೆಕ್ಕ ಬರುತ್ತದೆ. ತೊಳೆದು, ಒರೆಸಿ ಆಮೇಲೆ ಚುಚ್ಚಬೇಕು.) ಈಗ ಶುಗರ್ ಏರಿದ್ದಕ್ಕೂ, ಇದೇ ವ್ಯಕ್ತಿಗೆ ರಾತ್ರಿ ಅದು ಇಳಿಯಬಹುದಾದ್ದಕ್ಕೂ ಬೇರು ಒಂದೇ ಕಡೆ ಇದೆ. ಅದರ ಹೆಸರು ಗ್ಲೈಕೋಜನ್.

ಗ್ಲೈಕೋಜನ್ ಅಂದರೆ ಮೈ ಕೂಡಿಟ್ಟುಕೊಂಡ ಸಕ್ಕರೆ. ಸಾವಿರಾರು ಗ್ಲೂಕೋಸ್ ಕಣಗಳು ಒಂದಕ್ಕೊಂದು ಅಂಟಿ, ಕವಲು ಕವಲಾಗಿ ಹರಡಿಕೊಂಡ ದೊಡ್ಡ ಅಣು ಅದು. ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಇದನ್ನು ಲಿವರ್‌ನಿಂದ ಬೇರ್ಪಡಿಸಿ ತೋರಿಸಿದರು. ಪ್ರಾಣಿಗಳ ಮೈ ಊಟದಿಂದ ಬಂದ ಸಕ್ಕರೆಯನ್ನು ಬಳಸುವುದಷ್ಟೇ ಅಲ್ಲ, ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ ಎಂಬುದು ಆ ಕಾಲಕ್ಕೆ ಹೊಸ ವಿಚಾರ. ಇವತ್ತಿಗೂ ಎಷ್ಟೋ ಜನರಿಗೆ ಹೊಸದೇ. 'ನಾನು ಏನೂ ತಿಂದೇ ಇಲ್ಲ, ಶುಗರ್ ಎಲ್ಲಿಂದ ಬಂತು?' ಎಂಬ ಪ್ರಶ್ನೆ ಅದಕ್ಕೇ ಬರುವುದು.

ಲೆಕ್ಕ ನೋಡಿ. ದೊಡ್ಡವರ ಮೈಯ ಅಷ್ಟೂ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ಸುಮಾರು 4ರಿಂದ 5 ಗ್ರಾಂ. ಒಂದು ಟೀ ಚಮಚದಷ್ಟು, ಅಷ್ಟೇ. ಆದರೆ ಲಿವರ್‌ನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಮೈಯ ಮಾಂಸಖಂಡಗಳಲ್ಲೆಲ್ಲ ಸೇರಿ 400 ಗ್ರಾಂ ಆಸುಪಾಸು. ಮೀಟರ್ ತೋರಿಸುವುದು ಆ ಒಂದು ಚಮಚದ ಕಥೆಯನ್ನು ಮಾತ್ರ. ದಾಸ್ತಾನು ಎಷ್ಟಿದೆ, ಎಷ್ಟು ಖಾಲಿಯಾಯಿತು ಅನ್ನುವುದು ಅದಕ್ಕೆ ಕಾಣುವುದಿಲ್ಲ.

ದಾಸ್ತಾನು ಎರಡು ಕಡೆ ಇದ್ದರೂ ಎರಡರ ಸ್ವಭಾವ ಬೇರೆ. ಲಿವರ್ ಊರಿಗೆಲ್ಲ ಕಾಳು ಅಳೆದು ಕೊಡುವ ಕಣಜ. ಮಾಂಸಖಂಡದ್ದು ಅವರವರ ಮನೆಯ ಕಣಜ, ಹೊರಗೆ ಒಂದು ಕಾಳೂ ಹೋಗುವುದಿಲ್ಲ. ಇದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಗ್ಲೂಕೋಸನ್ನು ರಕ್ತಕ್ಕೆ ಬಿಡುವ ಮೊದಲು ಅದಕ್ಕೆ ಅಂಟಿದ ಫಾಸ್ಫೇಟನ್ನು ಕಳಚಬೇಕು. ಹಾಗೆ ಕಳಚುವ ಕಿಣ್ವ ಲಿವರ್‌ನಲ್ಲಿದೆ, ಮಾಂಸಖಂಡದಲ್ಲಿಲ್ಲ. ತೊಡೆಯಲ್ಲಿರುವ ಗ್ಲೈಕೋಜನ್ ತೊಡೆಗೇ ಖರ್ಚಾಗಬೇಕು. ಹಾಗಾಗಿ ಮುಳ್ಳಯ್ಯನಗಿರಿಯ ಮೇಲೆ ನಿಂತಾಗ ಮೀಟರ್‌ನಲ್ಲಿ ಕಂಡ ಆ ಹೆಚ್ಚುವರಿ ಸಕ್ಕರೆ ಬಂದಿದ್ದು ಲಿವರ್‌ನಿಂದ.

ಯಾಕೆ ಬಿಟ್ಟಿತು? ನಿಧಾನಕ್ಕೆ ನಡೆಯುವಾಗ ಕಾಲು ಎಷ್ಟು ಸಕ್ಕರೆ ಎಳೆದುಕೊಳ್ಳುತ್ತದೋ ಲಿವರ್ ಹೆಚ್ಚುಕಡಿಮೆ ಅಷ್ಟೇ ಬಿಡುತ್ತದೆ. ಊಟದ ನಂತರದ ನಡಿಗೆಯಲ್ಲಂತೂ ಶುಗರ್ ಇಳಿಯುವುದೇ ಹೆಚ್ಚು. ಆದರೆ ಮಾತಾಡಲೂ ಉಸಿರು ಸಾಲದಷ್ಟು ಜೋರಾಗಿ ಏರುವಾಗ ಮೈಗೆ ಅದು ತುರ್ತು ಪರಿಸ್ಥಿತಿ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ. ಅಡ್ರಿನಲಿನ್ ಹೇಳಿದರೆ ಲಿವರ್ ಲೆಕ್ಕ ನೋಡುವುದಿಲ್ಲ, ಕಾಲಿಗೆ ಬೇಕಾದ್ದಕ್ಕಿಂತ ಜಾಸ್ತಿ ಸುರಿಯುತ್ತದೆ. ಡಯಾಬಿಟಿಸ್ ಇಲ್ಲದವರಿಗೂ ಹೀಗೆ ಸ್ವಲ್ಪ ಏರುತ್ತದೆ. ಅವರಲ್ಲಿ ಆಟ ನಿಂತ ತಕ್ಷಣ ಇನ್ಸುಲಿನ್ ಬಂದು ಸರಿಮಾಡುತ್ತದೆ. ಟೈಪ್ 2 ಇರುವವರಲ್ಲಿ ಇನ್ಸುಲಿನ್ ಸಾಕಷ್ಟು ಬರುವುದಿಲ್ಲ, ಬಂದರೂ ಮೈ ಅದರ ಮಾತು ಕೇಳುವುದಿಲ್ಲ. ಹಾಗಾಗಿ ಇಳಿಯಲು ಒಂದೆರಡು ಗಂಟೆ ಬೇಕಾಗಬಹುದು.

ಜೋರು ಆಟದಲ್ಲಿ ಮಾಂಸಖಂಡ ಹೊರಹಾಕುವ ಲ್ಯಾಕ್ಟೇಟ್ (ಸಕ್ಕರೆ ಅರ್ಧಂಬರ್ಧ ಒಡೆದಾಗ ಉಳಿಯುವ ವಸ್ತು) ಕೂಡ ಲಿವರ್‌ಗೆ ಹೋಗಿ ಮತ್ತೆ ಗ್ಲೂಕೋಸ್ ಆಗುತ್ತದೆ. ಈ ಚಕ್ರಕ್ಕೆ ಅದನ್ನು ಕಂಡುಹಿಡಿದ ದಂಪತಿಯ ಹೆಸರೇ ಇದೆ: ಕೋರಿ ಚಕ್ರ. ಗ್ಲೈಕೋಜನ್ ಹೇಗೆ ಒಡೆಯುತ್ತದೆ, ಹೇಗೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದ್ದಕ್ಕೆ ಗರ್ಟಿ ಮತ್ತು ಕಾರ್ಲ್ ಕೋರಿ 1947ರಲ್ಲಿ ನೊಬೆಲ್ ಹಂಚಿಕೊಂಡರು.

ಇಲ್ಲಿ ಒಂದು ಅಪಾಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರು ಬೆಟ್ಟದ ಮೇಲಿನ ಈ 190 ನೋಡಿ ಇನ್ನೆರಡು ಯೂನಿಟ್ ಜಾಸ್ತಿ ಚುಚ್ಚಿಕೊಂಡುಬಿಟ್ಟರೆ ಕೆಟ್ಟಿತು. ಇದು ತಾನಾಗಿಯೇ ಇಳಿಯುವ ಏರಿಕೆ. ಜೊತೆಗೆ ನಿಜವಾದ ಇಳಿಕೆ ಶುರುವಾಗುವುದು ಆಮೇಲೆ.

ಮಾಂಸಖಂಡ ಕುಗ್ಗಿ ಹಿಗ್ಗುವಾಗ ಅದರ ಜೀವಕೋಶದ ಒಳಗಿದ್ದ ಗ್ಲೂಟ್ 4 ಎಂಬ ಪ್ರೋಟೀನ್ ಕೋಶದ ಅಂಚಿಗೆ ಬಂದು, ರಕ್ತದಿಂದ ಸಕ್ಕರೆಯನ್ನು ಒಳಗೆ ಎಳೆಯುತ್ತದೆ. ಮಾಮೂಲಿಯಾಗಿ ಈ ಕೆಲಸ ಮಾಡಿಸುವುದು ಇನ್ಸುಲಿನ್. ವ್ಯಾಯಾಮದಲ್ಲಿ ಇನ್ಸುಲಿನ್ ಹಂಗಿಲ್ಲದೆಯೂ ಇದು ನಡೆಯುತ್ತದೆ. ಟೈಪ್ 2 ಇರುವವರಿಗೆ ವ್ಯಾಯಾಮದ ದೊಡ್ಡ ಲಾಭ ಇದೇ ಅಂತ ನನ್ನ ಅನಿಸಿಕೆ. ಸುಟ್ಟ ಕ್ಯಾಲೊರಿ ಲೆಕ್ಕವೆಲ್ಲ ಆಮೇಲಿನದು. ಈ ರೋಗದಲ್ಲಿ ಮಾಂಸಖಂಡಕ್ಕೆ ಸಕ್ಕರೆ ತುಂಬಿಕೊಳ್ಳುವ ಶಕ್ತಿಯೇ ಕುಂದಿರುತ್ತದೆ. 1990ರಲ್ಲಿ ಜೆರಾಲ್ಡ್ ಶುಲ್ಮನ್ ಮತ್ತು ಜೊತೆಗಾರರು ಮೀನಖಂಡದಲ್ಲಿ ಗ್ಲೈಕೋಜನ್ ಕಟ್ಟಿಕೊಳ್ಳುವುದನ್ನು ಹೊರಗಿನಿಂದಲೇ ಅಳೆದರು. ಡಯಾಬಿಟಿಸ್ ಇದ್ದವರಲ್ಲಿ ಆ ವೇಗ ಉಳಿದವರ ಅರ್ಧಕ್ಕಿಂತಲೂ ಕಡಿಮೆ ಇತ್ತು.

ಜೋರಾದ ವ್ಯಾಯಾಮ ಮಾಂಸಖಂಡದ ದಾಸ್ತಾನನ್ನು ಬರಿದು ಮಾಡುತ್ತದೆ. ಬರಿದಾದದ್ದು ಮತ್ತೆ ತುಂಬಬೇಕಲ್ಲ? ಗಂಟೆಗಟ್ಟಲೆ, ಕೆಲವೊಮ್ಮೆ ಒಂದಿಡೀ ದಿನ, ಅದು ರಕ್ತದಿಂದ ಸಕ್ಕರೆ ಎಳೆಯುತ್ತಲೇ ಇರುತ್ತದೆ. ಇನ್ಸುಲಿನ್ ಮಾತನ್ನೂ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ. ಈ ಗುಣ ಒಂದರಿಂದ ಮೂರು ದಿನ ಉಳಿಯುತ್ತದೆ. ಸತತ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ತಪ್ಪಿಸಬೇಡಿ ಅಂತ ಡಾಕ್ಟರು ಹೇಳುವುದು ಇದಕ್ಕೇ. ಬೆಳಗ್ಗೆ ಬೆಟ್ಟ ಹತ್ತಿದವರು ಮಧ್ಯಾಹ್ನ ತಿಂದ ಅಕ್ಕಿ ರೊಟ್ಟಿ, ಮನೆಯಲ್ಲೇ ಕೂತಿದ್ದ ದಿನ ತಿಂದ ಅದೇ ರೊಟ್ಟಿಯಷ್ಟು ಶುಗರ್ ಏರಿಸದೇ ಇರಬಹುದು. ಹಾಗಂತ ಆರು ರೊಟ್ಟಿಗೆ ಪರವಾನಗಿ ಸಿಕ್ಕಿತು ಅಂತಲ್ಲ.

ಇದೇ ಒಳ್ಳೆಯ ಗುಣ ಕೆಲವರಿಗೆ ರಾತ್ರಿ ಕಾಟ ಕೊಡುತ್ತದೆ. ಯಾರಿಗೆ ಅನ್ನುವುದು ಅವರು ನುಂಗುವ ಮಾತ್ರೆಯ ಮೇಲೆ ನಿಂತಿದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಕೆಳಗಿಳಿಯುವ ಭಯ ಬಹಳ ಕಡಿಮೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ತರಹದವೂ ಹಾಗೇ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಹಾಗಲ್ಲ. ಅವು ಶುಗರ್ ಎಷ್ಟಿದೆ ಅಂತ ನೋಡದೆ ಇನ್ಸುಲಿನ್ ಹೊರಡಿಸುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಇದೇ ಗುಂಪು. ಈ ಗುಂಪಿನವರು ಜೋರು ವ್ಯಾಯಾಮ ಶುರುಮಾಡುವ ಮುಂಚೆಯೇ ಡೋಸ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು. ಹೊರಡುವಾಗ ಶುಗರ್ 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಬೇಕು. ಸೈಕಲ್ ತುಳಿಯುವ ದಿನ ತೊಡೆಗೆ ಇನ್ಸುಲಿನ್ ಚುಚ್ಚಬಾರದು. ದುಡಿಯುವ ಕಾಲಿನಿಂದ ಅದು ಬೇಗ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆಗೆ ಚುಚ್ಚುವುದು ವಾಸಿ. ಟ್ರೆಕ್ ಮುಗಿಸಿ ಸಂಜೆ ಹೋಂಸ್ಟೇಯಲ್ಲಿ ಗ್ಲಾಸು ಹಿಡಿಯುವವರಿಗೆ ಇನ್ನೊಂದು ಮಾತು: ಮದ್ಯ ಹೊಟ್ಟೆಯಲ್ಲಿದ್ದರೆ ಲಿವರ್‌ಗೆ ಹೊಸ ಸಕ್ಕರೆ ತಯಾರಿಸಲು ಆಗುವುದಿಲ್ಲ. ಗ್ಲೈಕೋಜನ್ ಮೊದಲೇ ಖಾಲಿ. ಮಧ್ಯರಾತ್ರಿ ಶುಗರ್ ಬಿದ್ದರೆ ಎತ್ತಲು ಲಿವರ್ ಬಳಿ ಹೆಚ್ಚೇನೂ ಉಳಿದಿರುವುದಿಲ್ಲ.

70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್. ಬೆವರು, ನಡುಕ, ಎದೆ ಢವಢವ, ತಲೆ ಮಂಕು. ಫಜೀತಿ ಏನೆಂದರೆ, ಬೆಟ್ಟ ಏರುವವರಿಗೆ ಇವೆಲ್ಲ ಹೇಗೂ ಇರುತ್ತವೆ. ಗಿರಿಯ ಮಂಜಿನಲ್ಲಿ ನಡುಗಿದರೆ ಚಳಿಗೋ ಶುಗರ್ ಇಳಿದಿದ್ದಕ್ಕೋ ಹೇಳುವುದು ಕಷ್ಟ. ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರಲ್ಲಿ ಎದೆ ಬಡಿತವೂ ನಡುಕವೂ ಮರೆಯಾಗಿ ಬೆವರೊಂದೇ ಸುಳಿವಾಗಿ ಉಳಿಯಬಹುದು. ಏರುವಾಗ ಬೆವರನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಅನುಮಾನ ಬಂದರೆ ನಿಂತು ಚುಚ್ಚಿ ನೋಡುವುದೇ ದಾರಿ. ತೋಳಿಗೆ ಅಂಟಿಸುವ ಸೆನ್ಸರ್ ಇದ್ದರೂ, ಶುಗರ್ ಬೇಗ ಬದಲಾಗುವಾಗ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ.

ಲೋ ಆದರೆ 15 ಗ್ರಾಂ ಸಕ್ಕರೆ, ಅಂದಾಜು ಮೂರು ಟೀ ಚಮಚ, ನೀರಿಗೆ ಕಲಸಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಇನ್ನೂ 70 ದಾಟಿಲ್ಲದಿದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡವಾಗುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ನಿಮ್ಮ ಮಾತ್ರೆಯ ಹಾಳೆಯ ಹಿಂದೆ ವೋಗ್ಲಿಬೋಸ್ ಎಂಬ ಹೆಸರಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಇದೂ ಸೇರಿರುವುದುಂಟು. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಆಗ ಸಕ್ಕರೆ, ಬೆಲ್ಲ ತಿಂದರೆ ಬೇಗ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಬೇಕು. ಬ್ಯಾಗಿನಲ್ಲಿ ಬೆಲ್ಲದ ಅಚ್ಚು ಇಟ್ಟುಕೊಂಡು ಧೈರ್ಯವಾಗಿರುವವರು ಇದನ್ನು ತಿಳಿದಿರಬೇಕು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರ ಚಿಂತೆ ಬೇರೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುತ್ತವೆ, ನೀರೂ ಜೊತೆಗೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ದಿನವಿಡೀ ಟ್ರೆಕ್ ಮಾಡಿದರೆ ಅಪರೂಪಕ್ಕೆ ರಕ್ತದಲ್ಲಿ, ಮೈ ಕೊಬ್ಬನ್ನು ಒಡೆದಾಗ ಹುಟ್ಟುವ ಕೀಟೋನ್ ಆಮ್ಲ ಏರುವುದುಂಟು, ಅದೂ ಶುಗರ್ ಅಷ್ಟೇನೂ ಜಾಸ್ತಿ ಇಲ್ಲದೆ. ವಾಂತಿ, ಹೊಟ್ಟೆನೋವು, ಜೋರು ಉಸಿರು ಕಂಡರೆ ಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳದೆ ಆಸ್ಪತ್ರೆಗೆ ಹೋಗಬೇಕು.

ವ್ಯಾಯಾಮದ ಕೊನೆಗೆ ಬರುವ ಏರಿಕೆಯನ್ನು ತಗ್ಗಿಸಲು ಸುಲಭದ ಉಪಾಯ, ಒಮ್ಮೆಲೇ ನಿಲ್ಲಿಸದೆ ಹತ್ತು ನಿಮಿಷ ನಿಧಾನಕ್ಕೆ ನಡೆಯುವುದು. ಅಡ್ರಿನಲಿನ್ ಇಳಿಯುತ್ತದೆ, ಕಾಲು ಮಾತ್ರ ಸಕ್ಕರೆ ಎಳೆಯುತ್ತಲೇ ಇರುತ್ತದೆ. ಮೊದಲಿಗೇ 250 ದಾಟಿದ್ದು, ಮೈಯೂ ಹುಷಾರಿಲ್ಲದಿದ್ದರೆ ಆ ದಿನ ಜೋರು ವ್ಯಾಯಾಮ ಬೇಡ.

ವರ್ಷಗಳಿಂದ ಶುಗರ್ ಇರುವವರು ಇದಕ್ಕೆಲ್ಲ ಇಳಿಯುವ ಮೊದಲು ಹೃದಯ, ಪಾದ, ಕಣ್ಣು ತೋರಿಸಿಕೊಳ್ಳಬೇಕು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಶೂ ಒಳಗಿನ ಕಲ್ಲು ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹುಣ್ಣಾಗಿರುತ್ತದೆ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಹೊಸ ರಕ್ತನಾಳಗಳು ಬೆಳೆದಿದ್ದರೆ, ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಅವು ಒಡೆಯಬಹುದು. ಅಂಥವರು ಕಣ್ಣಿನ ಡಾಕ್ಟರು ಒಪ್ಪುವವರೆಗೆ ಭಾರ ಎತ್ತುವುದಾಗಲಿ, ಓಡುವುದಾಗಲಿ ಮಾಡಬಾರದು.