ನೆಲಮಾಳಿಗೆಗೆ ನುಗ್ಗುವ ರೇಡಾನ್

1984ರ ಡಿಸೆಂಬರಿನಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಲಿಮರಿಕ್ ಪರಮಾಣು ಸ್ಥಾವರದಲ್ಲಿ, ಸ್ಟ್ಯಾನ್ಲಿ ವಾಟ್ರಸ್ ಎಂಬ ಇಂಜಿನಿಯರ್ ವಿಕಿರಣ ತಪಾಸಣೆಗೆ ನಿಂತಾಗಲೆಲ್ಲ ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರವಿನ್ನೂ ವಿದ್ಯುತ್ ತಯಾರಿಸಲು ಶುರು ಮಾಡಿರಲಿಲ್ಲ. ವಿಕಿರಣ ಮೈಗಂಟಿದ್ದು ಅವರ ಮನೆಯಿಂದಲೇ! ಅಲ್ಲಿ ಲೀಟರ್ ಗಾಳಿಗೆ ಸುಮಾರು 2,700 ಪಿಕೊಕ್ಯೂರಿಯಷ್ಟು (ಇದು ವಿಕಿರಣಶೀಲತೆಯ ಅಳತೆ) ರೇಡಾನ್ ಎಂಬ ವಿಕಿರಣಶೀಲ ಅನಿಲವಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ 4 ಮುಟ್ಟಿದರೇ ಮನೆಯನ್ನು ಸರಿಪಡಿಸಬೇಕು.

ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ರೇಡಿಯಂ ಆಗಿ, ಮುಂದೆ ರೇಡಾನ್ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಹುಟ್ಟುವ ಪೊಲೋನಿಯಂ ಕಣಗಳು ಶ್ವಾಸಕೋಶದಲ್ಲಿ ಕೂತು ಆಲ್ಫಾ ವಿಕಿರಣ ಸೂಸುತ್ತವೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ಇದರಿಂದ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆಂಬುದು ಅದೇ ಸಂಸ್ಥೆಯ ಅಂದಾಜು.

ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಹೀಟರ್ ಹಾಕಿದರೆ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ತಳದಲ್ಲಿ ಒತ್ತಡ ಇಳಿಯುತ್ತದೆ. ಆಗ ಮನೆಯೇ ಮಣ್ಣಿನ ಗಾಳಿಯನ್ನು ಬಿರುಕುಗಳಿಂದ ಒಳಗೆಳೆದುಕೊಳ್ಳುತ್ತದೆ. ಬಿರುಕುಗಳನ್ನಷ್ಟೇ ಮುಚ್ಚಿದರೆ ಸಾಲದು. ಕಣ್ಣಿಗೆ ಕಾಣದ ಸಂದುಗಳು ಉಳಿದೇ ಇರುತ್ತವೆ.

ಹಾಗಾಗಿ ಮನೆ ಎಳೆಯುವುದಕ್ಕಿಂತ ಜೋರಾಗಿ ನೆಲದಡಿಯಿಂದಲೇ ಎಳೆಯಬೇಕು. ಕಾಂಕ್ರೀಟ್ ನೆಲಕ್ಕೆ ರಂಧ್ರ ಕೊರೆದು, ಕೆಳಗಿನ ಜಲ್ಲಿ, ಮಣ್ಣನ್ನು ಒಂದಿಷ್ಟು ತೋಡಿ ತೆಗೆದು, ಅಲ್ಲಿಗೆ ಮೂರು ಇಲ್ಲವೇ ನಾಲ್ಕಿಂಚಿನ ಪಿವಿಸಿ ಪೈಪು ಇಳಿಸುತ್ತಾರೆ. ಸುತ್ತ ಸೀಲ್ ಮಾಡಿ, ನೆಲಮಾಳಿಗೆಯಲ್ಲಿ ಒಸರುವ ನೀರು ಸೇರುವ ಸಂಪ್ ಗುಂಡಿಗೆ ಗಾಳಿಯಾಡದ ಮುಚ್ಚಳ ಹಾಕುತ್ತಾರೆ. ಪೈಪಿನ ಇನ್ನೊಂದು ತುದಿ ಸೂರಿನ ಮೇಲೆ ತೆರೆಯುತ್ತದೆ. ಹಗಲೂ ರಾತ್ರಿ ತಿರುಗುವ ಫ್ಯಾನು ಅಟ್ಟದಲ್ಲೋ ಹೊರಗೋಡೆಯಲ್ಲೋ ಇರಬೇಕು, ನೆಲಮಾಳಿಗೆಯಲ್ಲಿ ಮಾತ್ರ ಬೇಡ. ಫ್ಯಾನಿನಿಂದಾಚೆ ಪೈಪು ಸೋರಿದರೆ, ಹೊರಹೋಗಬೇಕಾದ ರೇಡಾನ್ ಮನೆಯೊಳಗೇ ಚೆಲ್ಲುತ್ತದೆ.

ಕರ್ನಾಟಕದ ನಮ್ಮ ಮನೆಗಳಲ್ಲಿ ನೆಲಮಾಳಿಗೆ ಅಪರೂಪ, ಕಿಟಕಿಗಳೂ ತೆರೆದೇ ಇರುತ್ತವೆ. ಈ ಮಾತು ನಮಗೆ ಹೊಸದು. ಆದರೆ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಗಳಲ್ಲಿ ಮನೆ ಕೊಂಡ ಕನ್ನಡಿಗರು, ಊರಿನಿಂದ ಬರುವ ಅಪ್ಪ ಅಮ್ಮನಿಗೆ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಸುವ ಮೊದಲು ದಯವಿಟ್ಟು ರೇಡಾನ್ ಪರೀಕ್ಷೆ ಮಾಡಿಸಿ.

ಪೈಪಿನ ಮೇಲೆ ಇಂಗ್ಲಿಷಿನ ಯು ಆಕಾರದ ಪುಟ್ಟ ಕೊಳವೆಯೊಂದಿದ್ದು, ಅದರಲ್ಲಿ ಬಣ್ಣದ ಎಣ್ಣೆಯಿರುತ್ತದೆ. ಎರಡು ಬದಿಯ ಮಟ್ಟ ಏರುಪೇರಾಗಿದ್ದರೆ ಫ್ಯಾನು ಎಳೆಯುತ್ತಿದೆ ಎಂದರ್ಥ, ಸಮವಾಗಿದ್ದರೆ ನಿಂತಿದೆ. ಆದರೆ ಇದು ತೋರಿಸುವುದು ಎಳೆತವನ್ನಷ್ಟೇ, ರೇಡಾನ್ ಎಷ್ಟಿದೆ ಎಂಬುದನ್ನಲ್ಲ. ಅದಕ್ಕೇ ಫ್ಯಾನು ಹಾಕಿಸಿದ ತಿಂಗಳೊಳಗೆ ಮತ್ತೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಗಾಳಿಯನ್ನೇ ಪರೀಕ್ಷಿಸಬೇಕು.