ಯಾರೂ ಹೋಗದ ದಾರಿಯ ಅಪಾಯವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಮಂಗಳ ಗ್ರಹಕ್ಕೆ ಇದುವರೆಗೆ ಮನುಷ್ಯರು ಯಾರೂ ಹೋಗಿಲ್ಲ. ಹೀಗಿರುವಾಗ ಅಷ್ಟು ದೀರ್ಘ ಪ್ರಯಾಣದಲ್ಲಿ ಗಗನಯಾತ್ರಿಗಳ ಆರೋಗ್ಯಕ್ಕೆ ಎಷ್ಟು ಅಪಾಯವಿದೆ ಎಂದು ಮೊದಲೇ ಹೇಗೆ ಲೆಕ್ಕ ಹಾಕುತ್ತಾರೆ?

ಉತ್ತರ: ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಇಳಿದವರಿಗೆ ಜಿಗಣೆ ಕಚ್ಚುವುದು ಹೆಚ್ಚುಕಡಿಮೆ ಖಚಿತ, ಆದರೆ ಅದರಿಂದಾಗುವ ಹಾನಿ ಅತ್ಯಲ್ಪ. ತೋಟದ ಮೇಲಿನ ಬೆಟ್ಟ ಕುಸಿಯುವುದು ಅಪರೂಪ, ಆದರೆ ಕುಸಿದರೆ ಏನಾಗುತ್ತದೆ ಎಂಬುದನ್ನು 2018ರ ಆಗಸ್ಟ್‌ನಲ್ಲಿ ಕೊಡಗು ಕಂಡಿದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಗಗನಯಾತ್ರಿಗಳ ಆರೋಗ್ಯದ ಅಪಾಯಗಳನ್ನು ತೂಗುವುದೂ ಇದೇ ಎರಡು ಅಳತೆಗಳಿಂದ: ಅದು ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಪರಿಣಾಮ ಎಷ್ಟು ತೀವ್ರ. ಮೂಳೆ ಸವೆತದಿಂದ ಹಿಡಿದು ಮನೋಬಲ ಕುಸಿಯುವವರೆಗೆ ಸುಮಾರು ಮೂವತ್ತು ಅಪಾಯಗಳನ್ನು ಹೀಗೆ ಪಟ್ಟಿ ಮಾಡಲಾಗಿದೆ.

ಒಂದೇ ಅಪಾಯಕ್ಕೆ ಎಲ್ಲ ಯಾನಗಳಲ್ಲೂ ಒಂದೇ ದರ್ಜೆ ಸಿಗುವುದಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತ್ರಕ್ಕೆ ಸೇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರಿಗೆ ಹಾಗಾದರೆ ನೌಕೆಯನ್ನೇರಿ ಭೂಮಿಗೆ ಮರಳುವ ದಾರಿಯಾದರೂ ಇದೆ. ಗಂಭೀರ ಕಾಯಿಲೆ ಬಂದಾಗ ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸುವ ನಮಗೆ ಆಸ್ಪತ್ರೆಯ ದೂರವೇ ಕಾಯಿಲೆಯ ಭಾರವನ್ನು ಹೇಗೆ ಬದಲಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳದ ಹಾದಿಯಲ್ಲಿ ನಡುವೆ ಹಿಂದಿರುಗುವಂತಿಲ್ಲ, ಭೂಮಿಯ ವೈದ್ಯರಿಗೆ ಕಳಿಸಿದ ಒಂದು ಮಾತು ತಲುಪುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಬಹುದು. 1961ರಲ್ಲಿ ಅಂಟಾರ್ಕ್ಟಿಕಾದ ಸೋವಿಯತ್ ನೆಲೆಯೊಂದರಲ್ಲಿದ್ದ ಏಕೈಕ ವೈದ್ಯ ಲಿಯೋನಿಡ್ ರೋಗೊಜೊವ್ ತನಗೆ ಅಪೆಂಡಿಸೈಟಿಸ್ ಆದಾಗ ತನ್ನ ಹೊಟ್ಟೆಯನ್ನು ತಾನೇ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿಕೊಂಡು ಬದುಕಿದರು. ಮಂಗಳಯಾನದ ವೈದ್ಯಕೀಯ ಯೋಜನೆ ಇಂಥ ಸ್ಥಿತಿಯನ್ನೂ ಮುಂಗಂಡಿರಬೇಕು.

ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದು ಪ್ರಶ್ನೆಯ ತಿರುಳು. ಮೂಳೆಯ ವಿಷಯದಲ್ಲಿ ಸಾಕಷ್ಟು ಮಾಹಿತಿ ಇದೆ: ತಕ್ಕ ವ್ಯಾಯಾಮವಿಲ್ಲದಿದ್ದರೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕುಗ್ಗುತ್ತದೆ, ಆದುದರಿಂದಲೇ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆಯ ವ್ಯಾಯಾಮ ಕಡ್ಡಾಯ. ಭೂಮಿಯಲ್ಲೇ ಸ್ವಯಂಸೇವಕರನ್ನು ತಲೆ ಆರು ಡಿಗ್ರಿ ಕೆಳಗಿರುವಂತೆ ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿ ಇದೇ ಬದಲಾವಣೆಗಳನ್ನು ಪರೀಕ್ಷಿಸುತ್ತಾರೆ. ಏಕಾಂತದ ಪರಿಣಾಮ ತಿಳಿಯಲು ಮಾಸ್ಕೋದಲ್ಲಿ 2010–11ರಲ್ಲಿ ಆರು ಮಂದಿ 520 ದಿನ ಮುಚ್ಚಿದ ಕೋಣೆಗಳಲ್ಲಿ ಕಳೆದರು.

ನನ್ನ ದೃಷ್ಟಿಯಲ್ಲಿ ಲೆಕ್ಕ ಅತ್ಯಂತ ದುರ್ಬಲವಾಗಿರುವುದು ವಿಕಿರಣದ ವಿಷಯದಲ್ಲಿ. ಕ್ಯೂರಿಯಾಸಿಟಿ ನೌಕೆ 2011–12ರಲ್ಲಿ ಮಂಗಳಕ್ಕೆ ಸಾಗುವಾಗ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಗುಲುವ ವಿಕಿರಣವನ್ನು ಅಳೆಯುವ ಮಾನ) ವಿಕಿರಣವನ್ನು ಅಳೆಯಿತು. ನೆಲದ ಮೇಲಿರುವ ನಮಗೆ ಪ್ರಕೃತಿಯಿಂದ ಸಿಗುವುದು ವರ್ಷಕ್ಕೆ ಸರಾಸರಿ 2.4 ಮಾತ್ರ. ಹೋಗುವುದಕ್ಕೆ ಆರು ತಿಂಗಳು, ಬರುವುದಕ್ಕೆ ಆರು ತಿಂಗಳು ಎಂದಿಟ್ಟುಕೊಂಡರೆ ಪ್ರಯಾಣವೊಂದರಲ್ಲೇ ಸುಮಾರು 660 ಮಿಲಿಸೀವರ್ಟ್ ಆಗುತ್ತದೆ, ಆದರೆ ಗಗನಯಾತ್ರಿಯೊಬ್ಬರ ಇಡೀ ವೃತ್ತಿಜೀವನಕ್ಕೆ ನಾಸಾ ನಿಗದಿಪಡಿಸಿರುವ ಮಿತಿಯೇ 600. ಪ್ರಮಾಣವನ್ನು ಉಪಕರಣ ಅಳೆಯಬಲ್ಲದು. ಅಷ್ಟು ಪ್ರಮಾಣದಿಂದ ಎಷ್ಟು ಜನರಿಗೆ ಕ್ಯಾನ್ಸರ್ ಬರಬಹುದು ಎಂಬುದನ್ನು ಹೇಳುವುದು ಕಷ್ಟ. ಆ ಅಂದಾಜು ಬಹುಮಟ್ಟಿಗೆ ನಿಂತಿರುವುದು ಹಿರೋಶಿಮಾ, ನಾಗಸಾಕಿಗಳ ಬಾಂಬ್ ದಾಳಿಯಲ್ಲಿ ಬದುಕುಳಿದವರ ಮೇಲೆ ದಶಕಗಳ ಕಾಲ ನಡೆದ ಅಧ್ಯಯನದ ಮೇಲೆ. ಅವರಿಗೆ ತಗುಲಿದ್ದು ಕ್ಷಣಮಾತ್ರದ, ಮುಖ್ಯವಾಗಿ ಗಾಮಾ ಕಿರಣ. ಗಗನಯಾತ್ರಿಗೆ ತಗುಲುವುದು ಬಾಹ್ಯಾಕಾಶದ ಆಳದಿಂದ ತಿಂಗಳುಗಟ್ಟಲೆ ಸುರಿಯುವ ವಿಶ್ವಕಿರಣ, ಅದರಲ್ಲಿ ಕಬ್ಬಿಣದಂಥ ಭಾರವಾದ ಧಾತುಗಳ ಕಣಗಳೂ ಇರುತ್ತವೆ. ಈ ಅಂತರವನ್ನು ತುಂಬಲು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಅಂಥ ಕಣಗಳನ್ನು ಹಾಯಿಸಿ ನೋಡುತ್ತಿದ್ದಾರೆ, ಆದರೆ ಇಲಿಯ ದೇಹದಿಂದ ಮನುಷ್ಯನ ದೇಹಕ್ಕೆ ದಾಟುವುದೂ ಇನ್ನೊಂದು ಅಂದಾಜೇ.

ಪಟ್ಟಿಯಲ್ಲೇ ಇಲ್ಲದ ಅಪಾಯವೂ ಇರಬಹುದು. ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದವರ ಕಣ್ಣಿನ ನರದ ತುದಿ ಊದಿಕೊಳ್ಳುವುದು, ದೃಷ್ಟಿ ಬದಲಾಗುವುದು ವೈದ್ಯರ ಗಮನಕ್ಕೆ ಸ್ಪಷ್ಟವಾಗಿ ಬಂದದ್ದು ಮಾನವ ಬಾಹ್ಯಾಕಾಶಯಾನ ಆರಂಭವಾಗಿ ನಾಲ್ಕು ದಶಕಗಳೇ ಕಳೆದ ಮೇಲೆ. ವಿಕಿರಣ, ತೂಕವಿಲ್ಲದ ಸ್ಥಿತಿ, ಒಂಟಿತನ, ನಿದ್ರಾಭಂಗ ಇವೆಲ್ಲ ಒಂದೇ ದೇಹದ ಮೇಲೆ ಎರಡು–ಮೂರು ವರ್ಷ ಒಟ್ಟಿಗೆ ಎರಗಿದರೆ ಏನಾಗುತ್ತದೆ ಎಂಬುದನ್ನು ಯಾವ ಹಾಸಿಗೆ ಪ್ರಯೋಗವೂ, ಯಾವ ಮುಚ್ಚಿದ ಕೋಣೆಯೂ ತೋರಿಸಿಕೊಡಲಾರದು. ಆದ್ದರಿಂದಲೇ ಹೊಸ ಮಾಹಿತಿ ಬಂದಂತೆಲ್ಲ ಪ್ರತಿಯೊಂದು ಅಪಾಯದ ದರ್ಜೆಯನ್ನೂ ಮರುಪರಿಶೀಲಿಸುತ್ತಾರೆ.

ಮಗಳು ಗಗನಯಾತ್ರಿಯಾಗಬೇಕು ಎನ್ನುತ್ತಾಳೆ, ಕಳಿಸಬಹುದೇ ಎಂದು ಕೇಳುವ ತಂದೆತಾಯಂದಿರಿಗೆ ಒಂದು ಮಾತು. ನಮ್ಮ ಗಗನಯಾನ ಯೋಜನೆಯ ಮಾನವಸಹಿತ ಹಾರಾಟವನ್ನು ರೂಪಿಸಿರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗರಿಷ್ಠ ಮೂರು ದಿನಗಳಿಗೆ. ಅಲ್ಲಿ ವಿಕಿರಣದ ವಿರುದ್ಧ ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಇರುತ್ತದೆ, ಮೂಳೆ ಸವೆಯುವಷ್ಟು ಕಾಲವೂ ಇರುವುದಿಲ್ಲ. ಅಂಥ ಯಾನದಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ಮೇಲೇರುವ ಮತ್ತು ಕೆಳಗಿಳಿಯುವ ಕೆಲವೇ ನಿಮಿಷಗಳಲ್ಲಿ.