ನೋಡ್ ಅಂದ್ರೆ ಯಾವ ನೋಡ್?

2013ರ ಸುಮಾರಿಗೆ ದಾವಣಗೆರೆ ವಿದ್ಯಾನಗರದ ಒಂದು ರೂಮಲ್ಲಿ ನಮ್ ಫ್ರೆಂಡು ನೋಡ್‌ಜೆಎಸ್ (ಜಾವಾಸ್ಕ್ರಿಪ್ಟ್ ಕೋಡನ್ನ ಬ್ರೌಸರ್ ಆಚೆ ಓಡಿಸೋ ಸಾಫ್ಟ್‌ವೇರ್) ಕಲೀಬೇಕು ಅಂತ ಕೂತಿದ್ದ. ಕಂಪ್ಯೂಟರಲ್ಲಿ ಉಬುಂಟು 12.04 ಅನ್ನೋ ಲಿನಕ್ಸು, ನೆಟ್ ಡಾಂಗಲ್‌ದು. ಸಾಫ್ಟ್‌ವೇರ್ ಇಳಿಸೋ ಕಮಾಂಡು ‘ಆಪ್ಟ್-ಗೆಟ್ ಇನ್‌ಸ್ಟಾಲ್ ನೋಡ್’ ಅಂತ ಹೊಡೆದ, ಇಳೀತು, ಆಮೇಲೆ ಬರೀ ‘ನೋಡ್’ ಅಂತ ಹೊಡೆದು ಎಂಟರ್ ಒತ್ತಿದ್ರೆ ಎರರೂ ಇಲ್ಲ ಮಣ್ಣೂ ಇಲ್ಲ. ‘ಲೇ, ನೋಡ್ ಹಾಕೀನಿ ನೋಡಲೇ’ ಅಂತಾನೆ, ನಾವು ನೋಡಿದ್ದೇ ನೋಡಿದ್ದು, ತಂದಿದ್ದ ಮಂಡಕ್ಕಿ ಮೆತ್ತಗಾಯ್ತು.

ಅವನು ಹಾಕಿದ್ದು ಹ್ಯಾಮ್ ರೇಡಿಯೋದೋರ, ಅಂದ್ರೆ ಹವ್ಯಾಸಕ್ಕೆ ರೇಡಿಯೋ ನಡೆಸೋರ ಪ್ರೋಗ್ರಾಂ. ರೇಡಿಯೋ ಮೇಲೆ ಡೇಟಾ ಕಳ್ಸೋರಿಗೆ ಅಂತ ಮಾಡಿದ್ದು, ಉಬುಂಟುಗೆ ಮೂಲವಾದ ಡೆಬಿಯನ್ ಲಿನಕ್ಸ್‌ನಲ್ಲಿ ‘ನೋಡ್’ ಅನ್ನೋ ಹೆಸರು ಮೊದಲಿಂದ ಅದರದ್ದೇ. ನೋಡ್‌ಜೆಎಸ್ ಹುಟ್ಟಿದ್ದೇ 2009ಕ್ಕೆ, ಬಂದು ಅದೇ ಹೆಸರು ಕೇಳ್ತು. ಬಸ್ಸಲ್ಲಿ ಟವೆಲ್ ಹಾಕಿದೋನು ಏಳಲ್ಲ, ನಿಂತೋರು ನೂರು ಜನ ಇದ್ರೂ. ಜಗಳ ಡೆಬಿಯನ್‌ನ ಟೆಕ್ನಿಕಲ್ ಕಮಿಟಿವರೆಗೂ ಹೋಯ್ತು, 2012ರಲ್ಲಿ ತೀರ್ಮಾನ ಆಯ್ತು: ರೇಡಿಯೋದು ‘ಎಎಕ್ಸ್25-ನೋಡ್’ ಆಗ್ಲಿ, ಜಾವಾಸ್ಕ್ರಿಪ್ಟಿಂದು ‘ನೋಡ್‌ಜೆಎಸ್’ ಅನ್ನೋ ಕಮಾಂಡ್ ಆಗ್ಲಿ, ಬರೀ ‘ನೋಡ್’ ಬೇಕು ಅನ್ನೋರಿಗೆ ‘ನೋಡ್‌ಜೆಎಸ್-ಲೆಗಸಿ’ ಅಂತ ಬೇರೆ ಪ್ಯಾಕೇಜು. ನ್ಯಾಯವಾಗೇನೋ ಇತ್ತು, ಆದ್ರೆ ಪ್ರಪಂಚದ ಟ್ಯುಟೋರಿಯಲ್‌ಗಳೆಲ್ಲ ‘ನೋಡ್’ ಅಂತಾನೇ ಬರ್ದಿದ್ವಲ್ಲ, ಅದಕ್ಕೇ ಡೆಬಿಯನ್-ಉಬುಂಟು ಹುಡುಗ್ರು ಐದು ವರ್ಷ ತಲೆ ಕೆರ್ಕೊಂಡ್ರು. 2017ರಲ್ಲಿ ಆ ತೀರ್ಮಾನ ವಾಪಸ್ ತಗೊಂಡ್ರು.

ಇದಕ್ಕೂ ಮುಂಚೆ ಗಿಟ್‌ಗೂ ಇದೇ ಗತಿ. 2005ರಲ್ಲಿ ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್, ಕೋಡಿನ ಬದಲಾವಣೆ ಲೆಕ್ಕ ಇಡೋ ಈ ಗಿಟ್ ಮಾಡೋ ಹೊತ್ತಿಗೆ ಡೆಬಿಯನ್‌ನಲ್ಲಿ ಗ್ನೂ ಇಂಟರಾಕ್ಟಿವ್ ಟೂಲ್ಸ್ ಅನ್ನೋ ಫೈಲ್ ಮ್ಯಾನೇಜರ್ ‘ಗಿಟ್’ ಅಂತ ಕೂತಿತ್ತು, ಹಂಗಾಗಿ ಲಿನಸ್‌ದು ಅಲ್ಲಿ 2010ರವರೆಗೂ ‘ಗಿಟ್-ಕೋರ್’.

ಹೆಸರು ಮಾತ್ರ ನೋಡಿ ಯಾವುದು ಅಂತ ಹೆಂಗೆ ಹೇಳ್ತೀರ ಹೇಳಿ. ಡಿವಿಜಿ ಅಂದ್ರೆ ಮೈಸೂರು ಕಡೆ ಸಾಹಿತಿ ಗುಂಡಪ್ಪನೋರು, ರೈಲ್ವೆ ಟಿಕೆಟ್ ಮೇಲೆ ನಮ್ ದಾವಣಗೆರೆ ಸ್ಟೇಷನ್ನು.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇದು ಇನ್ನೊಂದು ಥರದ ಗೋಳು, ಅಲ್ಲಿ ಒಂದೇ ಮಗೂಗೆ ತೊಟ್ಟಿಲ ಹೆಸರು ಒಂದು, ಸ್ಕೂಲ್ ಹೆಸರು ಇನ್ನೊಂದು. ಇನ್‌ಸ್ಟಾಲ್ ಮಾಡುವಾಗ ‘ಓಪನ್‌ಸಿವಿ-ಪೈಥಾನ್’ ಅನ್ಬೇಕು, ಕೋಡಲ್ಲಿ ಇಂಪೋರ್ಟ್ ಮಾಡುವಾಗ ‘ಸಿವಿ2’. ‘ಪಿಲ್ಲೋ’ ಹಾಕಿ ‘ಪಿಐಎಲ್’ ಅಂತ ಕರೀಬೇಕು, ಯಾಕಂದ್ರೆ ಪಿಐಎಲ್ ಅನ್ನೋ ಫೋಟೋ ತಿದ್ದೋ ಹಳೇ ಲೈಬ್ರರಿ (ರೆಡಿ ಕೋಡಿನ ಗಂಟು) ನಿಂತೋದ್ಮೇಲೆ ಅದನ್ನ ಮುಂದುವರೆಸಿದೋರು ಜನರ ಹಳೇ ಕೋಡ್ ಕೆಡಬಾರ್ದು ಅಂತ ಒಳಗಿನ ಹೆಸರು ಹಂಗೇ ಬಿಟ್ರು. ಕಾರಣ ಒಳ್ಳೇದೇ, ಹೊಸಬರಿಗೆ ಮಾತ್ರ ತಲೆನೋವು. ಮೇಲಾಗಿ ಎರಡಕ್ಕೂ ‘ಪ್ಯಾಕೇಜ್’ ಅಂತಾನೇ ಅಂತಾರೆ, ಇಳಿಸ್ಕೊಳ್ಳೋದೂ ಪ್ಯಾಕೇಜು, ಇಂಪೋರ್ಟ್ ಮಾಡೋದೂ ಪ್ಯಾಕೇಜು! ಪ್ಯಾಕೇಜ್ ಹೆಸರಲ್ಲಿ ಹೈಫನ್ನು, ಅಂಡರ್‌ಸ್ಕೋರು, ಚುಕ್ಕಿ ಮೂರೂ ಒಂದೇ ಅಂತ ಲೆಕ್ಕ ಹಿಡೀಬೇಕು ಅನ್ನೋದನ್ನ 2015ರಲ್ಲಿ ‘ಪೆಪ್ 503’ ಅಂತ ನಿಯಮ ಬರ್ದು ಹೇಳ್ಬೇಕಾಯ್ತು.

ನೋಡ್‌ಜೆಎಸ್ ಪ್ಯಾಕೇಜ್‌ಗಳನ್ನ ಹಂಚೋ ಎನ್‌ಪಿಎಮ್‌ನೋರು ಆಮೇಲೆ ಪ್ಯಾಕೇಜ್ ಹೆಸರಿನ ಮುಂದೆ ‘ಅಟ್’ (@) ಹಾಕಿ ಮಾಡಿದೋರ ಮನೆತನದ ಹೆಸರು ಸೇರ್ಸೋಕೆ ಬಿಟ್ರು, ನನಗೆ ಇದೇ ಸರಿ ಅನ್ಸುತ್ತೆ. ನಮ್ಮೂರಲ್ಲಿ ‘ಎರಡು ಬೆಣ್ಣೆ’ ಅಂದ್ರೆ ಮುಗೀತು, ದೋಸೆ ಬರುತ್ತೆ. ಬೆಂಗಳೂರಲ್ಲಿ ಬೋರ್ಡ್ ಮೇಲೆ ‘ದಾವಣಗೆರೆ’ ಅಂತ ಸೇರ್ಸಲೇಬೇಕು.

ಕಮಾಂಡ್‌ಗಳ ಹೆಸರೂ ಅಷ್ಟೇ. ಆಪ್ಟ್‌ನಲ್ಲಿ ‘ಅಪ್‌ಡೇಟ್’ ಅಂದ್ರೆ ಬರೀ ಪಟ್ಟಿ ತರೋದು, ಸಾಫ್ಟ್‌ವೇರ್ ಹೊಸದಾಗೋದು ‘ಅಪ್‌ಗ್ರೇಡ್’ ಅಂದ್ರೆ. ರೆಡ್‌ಹ್ಯಾಟ್ ಥರದ ಲಿನಕ್ಸ್‌ಗಳ ಯಮ್‌ನಲ್ಲಿ ‘ಅಪ್‌ಡೇಟ್’ ಅಂದ್ರೆ ಸೀದಾ ಹೊಸದು ಹಾಕೇ ಬಿಡುತ್ತೆ. ಆ ನೋಡ್ ಫ್ರೆಂಡು ಈಗ ಸರ್ವರ್ ನೋಡ್ಕೊಳ್ಳೋ ಕೆಲ್ಸದಲ್ಲಿದಾನೆ, ಹೋದ ವಾರ ಫೋನ್ ಮಾಡಿ ಕೇಳಿದ್ದು ಇದನ್ನೇ: ‘ಲೇ, ಇದರಲ್ಲಿ ಡೇಟಾ, ಗ್ರೇಡಾ?’